ದೀರ್ಘಕಾಲ ಬಾಳುವ ತಂತ್ರಾಂಶದ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ತಂತ್ರಾಂಶ ಕಟ್ಟಲು ಹೊರಟ ತಂಡಗಳು, ಸಣ್ಣ ಕಂಪನಿಗಳ ಎಂಜಿನಿಯರುಗಳು, ಸಂಘಕ್ಕೋ ಶಾಲೆಗೋ ಒಂದು ವ್ಯವಸ್ಥೆ ಮಾಡಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೆಚ್ಚಿನವರು ಮೊದಲು ಕೇಳುವುದು ಯಾವ ಭಾಷೆ, ಯಾವ ಕ್ಲೌಡ್ (ಬಾಡಿಗೆಗೆ ಸಿಗುವ ಸರ್ವರ್ ಸೇವೆ), ಎಷ್ಟು ಸರ್ವರ್ ಎಂದು. ಇವನ್ನೆಲ್ಲ ಮುಂದೆ ಬದಲಿಸಬಹುದು. ದತ್ತಾಂಶದ ರೂಪವನ್ನೂ ಹೊರಗಿನ ತಂತ್ರಾಂಶಗಳು ನಮ್ಮದರೊಡನೆ ಮಾತನಾಡಲು ಕೊಟ್ಟ ಎಪಿಐಯನ್ನೂ ಬದಲಿಸುವುದು ಮಾತ್ರ ಬಹಳ ಕಷ್ಟ. ಕೋಡನ್ನು ಮೂರು ಸಲ ಹೊಸದಾಗಿ ಬರೆದ ಮೇಲೂ ದತ್ತಾಂಶವನ್ನು ಸಾಲು, ಕಾಲಂಗಳಲ್ಲಿ ಇಟ್ಟ ಅವೇ ಟೇಬಲ್‌ಗಳು ಉಳಿದುಕೊಂಡಿರುತ್ತವೆ. ಹಾಗಾಗಿ ಈ ಪುಟದಲ್ಲಿ ದತ್ತಾಂಶಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ದಿನದಿಂದಲೇ ಕೋಟಿ ಬಳಕೆದಾರರಿಗೆ ಸಿದ್ಧವಾಗಿರಬೇಕೇ?

ಬೇಡ. ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ದಿನಕ್ಕೆ 1 ಲಕ್ಷ ಜನ ಬಂದು ತಲಾ 20 ವಿನಂತಿ ಕಳಿಸಿದರೆ ಒಟ್ಟು 20 ಲಕ್ಷ. ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 23. ದಟ್ಟಣೆಯ ಹೊತ್ತಿನಲ್ಲಿ ಇದರ ಹತ್ತು ಪಟ್ಟು ಬರುತ್ತದೆ ಎಂದುಕೊಂಡರೂ 230. ಸರಿಯಾದ ಇಂಡೆಕ್ಸ್‌ಗಳಿರುವ, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿಗಳಿರುವ, ಒಂದು ಒಳ್ಳೆಯ ಡೇಟಾಬೇಸ್ ಮತ್ತು ಎರಡು ಸಾಧಾರಣ ಸರ್ವರ್‌ಗಳು ಇದನ್ನು ನಿಭಾಯಿಸುತ್ತವೆ. ಈ ಲೆಕ್ಕ ಹಾಕದೆಯೇ ಹತ್ತಾರು ಸರ್ವರ್‌ಗಳ ನಕ್ಷೆ ಬರೆಯುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಹಣ ಖರ್ಚಾಗುವುದಷ್ಟೇ ಅಲ್ಲ, ಆ ನಕ್ಷೆಯ ಪ್ರತಿ ಪೆಟ್ಟಿಗೆಯನ್ನೂ ಮುಂದೆ ಯಾರೋ ರಾತ್ರಿ ಎದ್ದು ಸರಿಪಡಿಸಬೇಕಾಗುತ್ತದೆ.

ಇಂದಿನ ಹೊರೆಯ ಹತ್ತು ಪಟ್ಟಿಗೆ ವಿನ್ಯಾಸ ಮಾಡಿ. ನೂರು ಪಟ್ಟು ಬೆಳೆಯುವ ಹೊತ್ತಿಗೆ ವ್ಯವಹಾರವೇ ಬೇರೆಯಾಗಿರುತ್ತದೆ, ಆಗಿನ ಅಗತ್ಯ ಏನೆಂದು ಈಗ ಊಹಿಸಲಾಗದು.

ಹಾಗಾದರೆ ಮೊದಲೇ ಗಟ್ಟಿಯಾಗಿ ನಿರ್ಧರಿಸಬೇಕಾದುದು ಏನು?

ಯಾವುದನ್ನು ಗುರುತಾಗಿ ಬಳಸುತ್ತೀರಿ ಎಂಬುದು. ಒಬ್ಬ ವ್ಯಕ್ತಿ, ಒಂದು ಊರು, ಒಂದು ಬಿಲ್ಲು, ಇವುಗಳ ಗುರುತು ಹಲವಾರು ಟೇಬಲ್‌ಗಳಲ್ಲಿ ಹರಡಿಕೊಳ್ಳುತ್ತದೆ. ಮುಂದೆ ಅದನ್ನು ಕಿತ್ತು ತೆಗೆಯುವುದೆಂದರೆ ಇಡೀ ವ್ಯವಸ್ಥೆಯನ್ನೇ ಬಿಚ್ಚಿದಂತೆ.

ಊರಿನ ಹೆಸರನ್ನೇ ಕೀಲಿಯಾಗಿ, ಅಂದರೆ ದಾಖಲೆಯ ಗುರುತಾಗಿ, ಬಳಸಬೇಡಿ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರು ಬದಲಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. ಹೆಸರನ್ನೇ ಕೀಲಿ ಮಾಡಿಕೊಂಡ ವ್ಯವಸ್ಥೆಯಲ್ಲಿ ಅಂಥ ದಿನದಿಂದ ಒಂದೇ ನಗರ ಎರಡಾಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಇದು ಹೆಸರಿನ ಬದಲಾವಣೆಗಿಂತ ಕಠಿಣ, ಏಕೆಂದರೆ ಹೊಸಪೇಟೆಯ ಹಳೆಯ ದಾಖಲೆ ಯಾವ ಜಿಲ್ಲೆಗೆ ಸೇರಬೇಕು ಎಂಬ ಪ್ರಶ್ನೆಗೆ ಎರಡು ಸರಿಯುತ್ತರಗಳಿವೆ: ಅಂದಿನ ವರದಿಗೆ ಬಳ್ಳಾರಿ, ಇಂದಿನ ವರದಿಗೆ ವಿಜಯನಗರ. ಅರ್ಥವಿಲ್ಲದ ಒಂದು ಸಂಖ್ಯೆಯನ್ನು ಗುರುತಾಗಿಟ್ಟು, ಹೆಸರು ಮತ್ತು ಜಿಲ್ಲೆಯನ್ನು ‘ಯಾವಾಗಿನಿಂದ ಯಾವಾಗಿನವರೆಗೆ’ ಎಂಬ ದಿನಾಂಕಗಳೊಡನೆ ಬೇರೆ ಟೇಬಲ್‌ನಲ್ಲಿ ಇಟ್ಟರೆ ಎರಡೂ ಉತ್ತರ ಸಿಗುತ್ತವೆ.

ಮೊಬೈಲ್ ಸಂಖ್ಯೆಯೂ ಶಾಶ್ವತ ಗುರುತಲ್ಲ. ನಿಂತುಹೋದ ಸಂಖ್ಯೆಯನ್ನು ದೂರಸಂಪರ್ಕ ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ. ಆಗ ಹೊಸಬರ ಕೈಗೆ ಹಳಬರ ಖಾತೆ ಸಿಕ್ಕೀತು. ಮೊಬೈಲ್ ಎಂಬುದು ವ್ಯಕ್ತಿಗೆ ಸಂಬಂಧಿಸಿದ ಒಂದು ವಿವರ ಮಾತ್ರವಾಗಿರಲಿ.

ಗುರುತಿನ ಸಂಖ್ಯೆಗೆ 64 ಬಿಟ್‌ಗಳನ್ನು ಇಡಿ. 32 ಬಿಟ್‌ನ ಚಿಹ್ನೆಸಹಿತ (ಧನ, ಋಣ ಎರಡೂ ಆಗಬಲ್ಲ) ಪೂರ್ಣಾಂಕದ ಮಿತಿ 214 ಕೋಟಿ 74 ಲಕ್ಷ 83 ಸಾವಿರದ 647. ಎಂದೂ ಮುಗಿಯದು ಎನಿಸುವ ಈ ಸಂಖ್ಯೆ ಮುಗಿಯುತ್ತದೆ. 2014ರ ಡಿಸೆಂಬರಿನಲ್ಲಿ ಯೂಟ್ಯೂಬ್‌ನಲ್ಲಿ ‘ಗಂಗ್ನಮ್ ಸ್ಟೈಲ್’ ವಿಡಿಯೊದ ವೀಕ್ಷಣೆ ಈ ಮಿತಿಯನ್ನು ದಾಟಿದ್ದು ತಮಾಷೆಯ ಸುದ್ದಿಯಾಗಿತ್ತು. 2018ರ ನವೆಂಬರಿನಲ್ಲಿ ತಂಡಗಳ ಕೆಲಸ ನಿರ್ವಹಿಸುವ ಬೇಸ್‌ಕ್ಯಾಂಪ್ ಎಂಬ ಆನ್‌ಲೈನ್ ಸೇವೆಗೆ ಆದದ್ದು ತಮಾಷೆಯಲ್ಲ. ಅವರ ಒಂದು ಟೇಬಲ್‌ನ ಸಾಲುಗಳ ಸಂಖ್ಯೆ ಇದೇ ಮಿತಿ ಮುಟ್ಟಿ, ಹೊಸದೇನನ್ನೂ ಬರೆಯಲಾಗದೆ ಹಲವು ಗಂಟೆ ಇಡೀ ಸೇವೆ ಓದಲು ಮಾತ್ರ ಸಿಗುವ ಸ್ಥಿತಿಯಲ್ಲಿತ್ತು. ಸಾಲೊಂದಕ್ಕೆ ನಾಲ್ಕು ಬೈಟ್ ಉಳಿಸಿ ಯಾರಿಗೂ ಲಾಭವಿಲ್ಲ.

ಬೆಲೆ, ತೆರಿಗೆ, ಸಮಯ ಇವುಗಳನ್ನು ಹೇಗೆ ಇಡಬೇಕು?

ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿಯೋ, ಡೇಟಾಬೇಸ್ ಕೊಡುವ ನಿಖರ ದಶಮಾಂಶ ಪ್ರಕಾರದಲ್ಲೋ ಇಡಿ. ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್‌ನಲ್ಲಿ ಎಂದೂ ಬೇಡ. ಅಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ವರ್ಷಾಂತ್ಯದ ತಾಳೆಯಲ್ಲಿ ಆ ವ್ಯತ್ಯಾಸವನ್ನು ಹುಡುಕುವವರ ಪಾಡು ಹೇಳತೀರದು.

ತೆರಿಗೆ ದರ ಕೋಡ್‌ನೊಳಗೆ ಇರಲೇಬಾರದು. 2017ರ ಜುಲೈ 1ರಂದು ವ್ಯಾಟ್ ಹೋಗಿ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳ 12 ಮತ್ತು 28ರ ದರಗಳು ಹೋಗಿ 5 ಮತ್ತು 18 ಉಳಿದವು. ದರವನ್ನು ಜಾರಿಯ ದಿನಾಂಕದೊಡನೆ ಟೇಬಲ್‌ನಲ್ಲಿ ಇಟ್ಟವರು ಕೆಲವು ಸಾಲು ಸೇರಿಸಿ ಕೆಲಸ ಮುಗಿಸಿದರು. ಇನ್ನೊಂದು ಮಾತು: ಬಿಲ್ಲು ಮಾಡಿದ ಹೊತ್ತಿನ ದರವನ್ನು ಆ ಬಿಲ್ಲಿನ ಸಾಲಿನಲ್ಲೇ ನಕಲಿಸಿಡಿ. ಆಗಸ್ಟ್ ತಿಂಗಳ ಬಿಲ್ಲನ್ನು ಅಕ್ಟೋಬರಿನಲ್ಲಿ ಮರುಮುದ್ರಿಸಿದರೆ ಆಗಸ್ಟಿನ ತೆರಿಗೆಯೇ ಕಾಣಬೇಕು.

ಆಗಿಹೋದ ಘಟನೆಯ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ದಾಖಲಿಸಿ. ಮುಂದೆ ನಡೆಯಬೇಕಾದ ಕಾರ್ಯಕ್ರಮಕ್ಕೆ ಸ್ಥಳೀಯ ಸಮಯ ಮತ್ತು ಕಾಲವಲಯದ ಹೆಸರು ಎರಡೂ ಬೇಕು. ಭಾರತದಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲವಾದ್ದರಿಂದ ಇದು ನಮಗೆ ಹೊಳೆಯುವುದೇ ಇಲ್ಲ. ನ್ಯೂಜೆರ್ಸಿಯ ಕನ್ನಡಿಗರ ಮಕ್ಕಳಿಗೆ ಆನ್‌ಲೈನ್ ಸಂಗೀತ ಪಾಠ ನಡೆಸುವ ತಾಣವಾದರೆ ಅಲ್ಲಿ ಗಡಿಯಾರ ಬದಲಿಸುವ ಮಾರ್ಚ್ ಮತ್ತು ನವೆಂಬರಿನಲ್ಲಿ ತರಗತಿಯ ಹೊತ್ತು ಒಂದು ಗಂಟೆ ತಪ್ಪಿದ ಮೇಲೆ ಹೊಳೆಯುತ್ತದೆ.

ಕನ್ನಡದ ಪಠ್ಯ ಉಳಿಸುವಾಗ ಬೇರೆ ಎಚ್ಚರ ಬೇಕೇ?

ಖಂಡಿತ ಬೇಕು. ನಮ್ಮ ಕಚೇರಿಗಳಲ್ಲಿ ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಅಪಾರ ಕಡತಗಳಿವೆ. ಅವುಗಳಲ್ಲಿ ಇರುವುದು ಕನ್ನಡ ಅಕ್ಷರಗಳ ಸಂಕೇತಗಳಲ್ಲ, ಆ ಫಾಂಟ್ ಹಾಕಿದರೆ ಮಾತ್ರ ಕನ್ನಡದಂತೆ ಕಾಣುವ ಲ್ಯಾಟಿನ್ ಸಂಕೇತಗಳು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಪರಿವರ್ತಿಸದೆ ಅವುಗಳಲ್ಲಿ ಏನನ್ನೂ ಹುಡುಕಲಾಗದು. ಪರದೆಯ ಮೇಲೆ ಸರಿ ಕಾಣುತ್ತದೆ ಎಂಬುದನ್ನೇ ಸಾಕೆಂದುಕೊಂಡ ನಿರ್ಧಾರದ ಬೆಲೆಯನ್ನು ಒಂದು ಇಡೀ ತಲೆಮಾರು ತೆತ್ತಿದೆ, ಈಗಲೂ ತೆರುತ್ತಿದೆ.

ಯೂನಿಕೋಡ್ ಬಳಸಿದರೂ ಮೂರು ಕಡೆ ಎಡವುತ್ತೇವೆ. ‘ೊ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಒಳಬರುವ ಪಠ್ಯವನ್ನೆಲ್ಲ ಇಂಥವನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದೇ ಉಳಿಸಿ. ಎರಡನೆಯದು ‘ಸಾಫ್ಟ್‌ವೇರ್’ ತರಹದ ಪದಗಳ ನಡುವೆ ಕಾಣದಂತೆ ಕುಳಿತಿರುವ ಜೋಡಣೆ ತಡೆಯುವ ಸಂಕೇತ. ಮೂಲ ಪಠ್ಯದಲ್ಲಿ ಅದು ಇರಲಿ, ಹುಡುಕಾಟದ ಇಂಡೆಕ್ಸ್‌ನಲ್ಲಿ ಮಾತ್ರ ತೆಗೆದುಹಾಕಿ. ಮೂರನೆಯದು ಉದ್ದ. ‘ಕೃಷ್ಣ’ ಎಂಬುದು ನಮಗೆ ಎರಡು ಅಕ್ಷರ, ಯೂನಿಕೋಡ್‌ಗೆ ಐದು ಸಂಕೇತ, ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 15 ಬೈಟ್. ಬೈಟ್ ಲೆಕ್ಕದಲ್ಲಿ 50ರ ಮಿತಿ ಇಟ್ಟರೆ ಹಲವರ ಪೂರ್ಣ ಹೆಸರೇ ಹಿಡಿಸುವುದಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ‘ಕೊನೆಯ ಹೆಸರು’ ಕಡ್ಡಾಯ ಎಂಬ ನಿಯಮ ದಯವಿಟ್ಟು ಬೇಡ. ಊರಿನ, ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವ ನಮ್ಮ ಜನ ಅಲ್ಲಿ ಚುಕ್ಕಿ ಹಾಕುತ್ತಾರೆ, ತಮ್ಮ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಪೂರ್ಣ ಹೆಸರಿಗೆ ಒಂದೇ ಕಾಲಂ ಸಾಕು.

ಮಾನೊಲಿತ್ (ಎಲ್ಲವೂ ಒಂದೇ ತಂತ್ರಾಂಶ) ಒಳ್ಳೆಯದೋ ಮೈಕ್ರೋಸರ್ವಿಸ್ (ಒಡೆದ ಸಣ್ಣ ಸಣ್ಣ ಸೇವೆಗಳು) ಒಳ್ಳೆಯದೋ?

ಹತ್ತಿಪ್ಪತ್ತು ಜನರ ತಂಡಕ್ಕೆ, ಒಳಗೆ ಅಚ್ಚುಕಟ್ಟಾಗಿ ವಿಭಾಗಿಸಿದ ಒಂದೇ ತಂತ್ರಾಂಶ ಒಳ್ಳೆಯದು. ಇದರಲ್ಲಿ ನನಗೆ ಸಂಶಯವಿಲ್ಲ. ಬಿಲ್ಲಿಂಗ್ ವಿಭಾಗದ ಟೇಬಲ್‌ಗಳನ್ನು ಬಿಲ್ಲಿಂಗ್ ಕೋಡ್ ಮಾತ್ರ ಮುಟ್ಟಬೇಕು, ಉಳಿದವರು ಅದರ ಫಂಕ್ಷನ್‌ಗಳನ್ನು ಕರೆಯಬೇಕು. ಈ ಒಂದು ಶಿಸ್ತು ಉಳಿದರೆ ಮುಂದೆ ಆ ವಿಭಾಗವನ್ನು ಬೇರೆ ಸೇವೆಯಾಗಿ ಕತ್ತರಿಸಿ ತೆಗೆಯುವುದು ಸುಲಭ. ಈ ಶಿಸ್ತಿಲ್ಲದೆ ಒಡೆದರೆ, ಮೊದಲು ಒಂದು ಕಡೆ ಇದ್ದ ಸಿಕ್ಕು ನೆಟ್‌ವರ್ಕ್ ತುಂಬ ಹರಡುತ್ತದೆ.

ಒಡೆಯುವುದರ ಬೆಲೆಯನ್ನೂ ಲೆಕ್ಕ ಹಾಕಬಹುದು. ಒಂದು ವಿನಂತಿ ಹತ್ತು ಸೇವೆಗಳನ್ನು ಹಾದು ಹೋಗಬೇಕು, ಪ್ರತಿಯೊಂದೂ ಶೇ 99.9ರಷ್ಟು ಹೊತ್ತು ಲಭ್ಯ ಎಂದುಕೊಳ್ಳಿ. ಒಟ್ಟು ಲಭ್ಯತೆ ಸುಮಾರು ಶೇ 99ಕ್ಕೆ ಇಳಿಯುತ್ತದೆ. 30 ದಿನಗಳ ತಿಂಗಳಲ್ಲಿ 43 ನಿಮಿಷವಿದ್ದ ಸ್ಥಗಿತ ಏಳು ಗಂಟೆಗೂ ಹೆಚ್ಚಾಗುತ್ತದೆ.

ದೊಡ್ಡವರೂ ಹಿಂದಿರುಗಿದ್ದಾರೆ. ಸೆಗ್ಮೆಂಟ್ ಕಂಪನಿ ನೂರಕ್ಕೂ ಹೆಚ್ಚು ಸಣ್ಣ ಸೇವೆಗಳನ್ನು ಮತ್ತೆ ಒಂದಾಗಿಸಿದ ಕಥೆಯನ್ನು 2018ರಲ್ಲಿ ಹೇಳಿಕೊಂಡಿತು. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ತನ್ನ ಗುಣಮಟ್ಟ ಪರಿಶೀಲನೆಯ ವ್ಯವಸ್ಥೆಯನ್ನು ಬಿಡಿ ಬಿಡಿ ಘಟಕಗಳಿಂದ ಒಂದೇ ಪ್ರಕ್ರಿಯೆಗೆ ತಂದು ಅದರ ಖರ್ಚನ್ನು ಶೇ 90ರಷ್ಟು ಇಳಿಸಿತು. ನೂರಾರು ಎಂಜಿನಿಯರುಗಳು ಒಬ್ಬರಿಗೊಬ್ಬರು ಕಾಯದೆ ಬಿಡುಗಡೆ ಮಾಡಬೇಕಾದ ಕಡೆ ಮೈಕ್ರೋಸರ್ವಿಸ್ ನಿಜಕ್ಕೂ ಬೇಕು. ಅದು ಜನರನ್ನು ಸಂಘಟಿಸುವ ಉಪಾಯ, ವೇಗದ ಉಪಾಯವಲ್ಲ.

ಡೇಟಾಬೇಸ್ ಒಂದು ಸ್ವಲ್ಪ ನಿಧಾನವಾದರೆ ಇಡೀ ತಾಣವೇ ಏಕೆ ಬಿದ್ದುಹೋಗುತ್ತದೆ?

ಇದನ್ನು ಹತ್ತಿರದಿಂದ ನೋಡೋಣ. ಸೆಕೆಂಡಿಗೆ 200 ವಿನಂತಿ ಬರುತ್ತಿವೆ, ಪ್ರತಿಯೊಂದೂ ಡೇಟಾಬೇಸ್‌ನಲ್ಲಿ 50 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 200ನ್ನು 0.05ರಿಂದ ಗುಣಿಸಿದರೆ 10. ಅಂದರೆ ಯಾವ ಕ್ಷಣದಲ್ಲಿ ನೋಡಿದರೂ ಡೇಟಾಬೇಸ್ ಜೊತೆಗಿನ ಸರಾಸರಿ 10 ಸಂಪರ್ಕಗಳು ಬಳಕೆಯಲ್ಲಿರುತ್ತವೆ. ನಿಮ್ಮ ಬಳಿ 50 ಇವೆ, ನೆಮ್ಮದಿ. ಒಂದು ದಿನ ಟೇಬಲ್ ಬೆಳೆದು, ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದತೊಡಗಿ, ಸರಾಸರಿ 500 ಮಿಲಿಸೆಕೆಂಡಿಗೆ ಏರುತ್ತದೆ. ಈಗ 100 ಸಂಪರ್ಕ ಬೇಕು, ಇರುವುದು 50. ಉಳಿದವು ಸಾಲಿನಲ್ಲಿ ನಿಲ್ಲುತ್ತವೆ. ಆ ಕ್ವೆರಿಗೆ ಸಂಬಂಧವೇ ಇಲ್ಲದ ಲಾಗಿನ್ ಪುಟವೂ ಅದೇ ಸಾಲಿನಲ್ಲಿ ಕಾಯುತ್ತದೆ.

ಪುಟ ತೆರೆಯದಿದ್ದಾಗ ಬಳಕೆದಾರರು ಮತ್ತೆ ಒತ್ತುತ್ತಾರೆ. ಆ್ಯಪ್ ಮೂರು ಬಾರಿ ಯತ್ನಿಸುತ್ತದೆ, ವಿನಂತಿಗಳನ್ನು ಒಳಗೆ ದಾಟಿಸುವ ನಡುವಿನ ಗೇಟ್‌ವೇ ಪ್ರತಿಯೊಂದಕ್ಕೂ ಮೂರು ಬಾರಿ, ಒಳಗಿನ ಸೇವೆ ಮತ್ತೆ ಮೂರು ಬಾರಿ. ಒಂದು ಬೆರಳೊತ್ತಿಗೆ 27 ಕ್ವೆರಿ. ಉಸಿರುಗಟ್ಟಿರುವ ಡೇಟಾಬೇಸ್‌ಗೆ ಇದು ಗಾಯದ ಮೇಲೆ ಬರೆ ಎಳೆದಂತೆ. ಮೂಲ ಕಾರಣ ಹೋದ ಮೇಲೂ ಮರುಯತ್ನಗಳ ಹೊರೆಯೇ ಅದನ್ನು ಏಳಗೊಡುವುದಿಲ್ಲ.

2025ರ ಏಪ್ರಿಲ್ 12ರಂದು ಯುಪಿಐ ವ್ಯತ್ಯಯವಾದಾಗ ಹೊರಬಂದ ಕಾರಣ ಇದೇ ಜಾತಿಯದು. ಪಾವತಿಯ ಸ್ಥಿತಿ ಏನಾಯಿತೆಂದು ಕೇಳುವ ವಿನಂತಿಗಳನ್ನು ಬ್ಯಾಂಕುಗಳ ಕಡೆಯ ವ್ಯವಸ್ಥೆಗಳು ಮೇಲಿಂದ ಮೇಲೆ ಕಳಿಸಿದ್ದವು. ಆ ವರ್ಷದ ಆಗಸ್ಟ್ 1ರಿಂದ ಯುಪಿಐ ನಡೆಸುವ ಎನ್‌ಪಿಸಿಐ ಇಂಥ ವಿನಂತಿಗಳಿಗೆ ಮಿತಿ ಹಾಕಿತು. ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಖಾತೆಯಲ್ಲಿ ಉಳಿದ ಹಣ ನೋಡಬಹುದು ಎಂಬ ನಿಯಮ ನಮಗೆಲ್ಲ ಗೊತ್ತಾದದ್ದು ಆಗಲೇ.

ಮಾಡಬೇಕಾದುದು ಹೀಗೆ. ಹೊರಗಿನ ಪ್ರತಿ ಕರೆಗೂ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಸಮಯ) ಇರಲಿ, ಒಳಗಿನ ಪದರದ ಟೈಮ್‌ಔಟ್ ಹೊರಗಿನದಕ್ಕಿಂತ ಕಡಿಮೆ ಇರಲಿ. ಮರುಯತ್ನ ಒಂದೇ ಪದರದಲ್ಲಿ ನಡೆಯಲಿ. ಎರಡು ಯತ್ನಗಳ ನಡುವಿನ ಅಂತರ ಪ್ರತಿ ಸಲ ದುಪ್ಪಟ್ಟಾಗಲಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ವ್ಯತ್ಯಾಸ ಸೇರಲಿ. ಇಲ್ಲದಿದ್ದರೆ ಎಲ್ಲ ಮೊಬೈಲ್‌ಗಳೂ ಒಂದೇ ಸೆಕೆಂಡಿಗೆ ಮತ್ತೆ ಬರುತ್ತವೆ. ಮಿತಿ ಮೀರಿದ ವಿನಂತಿಯನ್ನು ತಕ್ಷಣ ನಿರಾಕರಿಸಿ. 30 ಸೆಕೆಂಡು ಕಾಯಿಸಿ ಎಲ್ಲರಿಗೂ ವಿಫಲವಾಗುವುದಕ್ಕಿಂತ, ನೂರರಲ್ಲಿ ಇಪ್ಪತ್ತು ಜನರಿಗೆ ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಎಂದು ಹೇಳಿ ಎಂಬತ್ತು ಜನರಿಗೆ ಸೇವೆ ಕೊಡುವುದು ಮೇಲು.

ಮರುಯತ್ನದಿಂದ ಹಣ ಎರಡು ಸಲ ಕಡಿತವಾದರೆ?

ಆಗದಂತೆ ಮೊದಲೇ ಕಟ್ಟಬೇಕು. ‘ಪಾವತಿಸಿ’ ಗುಂಡಿ ಇರುವ ಪುಟ ತೆರೆದಾಗಲೇ ಮೊಬೈಲ್ ಒಂದು ಅನನ್ಯ ಸಂಖ್ಯೆ ಸೃಷ್ಟಿಸಲಿ, ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಜೊತೆಗೆ ಬರಲಿ. ಡೇಟಾಬೇಸ್‌ನಲ್ಲಿ ಆ ಕಾಲಂಗೆ ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ಯುನೀಕ್ ನಿರ್ಬಂಧ ಹಾಕಿ, ಆ ಸಾಲನ್ನೂ ಹಣದ ಸಾಲನ್ನೂ, ಆದರೆ ಎರಡೂ ಆಗುವ ಇಲ್ಲವಾದರೆ ಎರಡೂ ಆಗದ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಮೊದಲು ಹುಡುಕಿ, ಇಲ್ಲದಿದ್ದರೆ ಸೇರಿಸುವ ಕೋಡ್ ಸಾಲದು. ಎರಡು ವಿನಂತಿಗಳು ಒಟ್ಟಿಗೆ ಬಂದಾಗ ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ.

ದಿಢೀರನೆ ಬರುವ ದಟ್ಟಣೆಗೆ ತಾನೇ ಹಿಗ್ಗುವ ಸರ್ವರ್‌ಗಳು ಸಾಲವೇ?

ಹೊಸ ಸರ್ವರ್ ಎದ್ದು ನಿಲ್ಲಲು ನಿಮಿಷಗಳು ಬೇಕು, ಜನ ಬರುವುದು ಸೆಕೆಂಡುಗಳಲ್ಲಿ. 2019ರ ಜುಲೈ 10ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಹಾಟ್‌ಸ್ಟಾರ್ ಒಂದೇ ಸಮಯಕ್ಕೆ 2.53 ಕೋಟಿ ವೀಕ್ಷಕರನ್ನು ಕಂಡಿತು. ಅಲ್ಲಿ ಪಂದ್ಯಕ್ಕೆ ಮುಂಚೆಯೇ ಸಾಮರ್ಥ್ಯ ಹೆಚ್ಚಿಸಿಡುತ್ತಿದ್ದರು. ನನಗೆ ತುಂಬ ಹಿಡಿಸಿದ ವಿವರ ಬೇರೆ: ವಿಕೆಟ್ ಬಿದ್ದು ಜನ ಹೊರಟಾಗಲೂ ಅಪಾಯವಿದೆ. ಎಲ್ಲರೂ ಒಟ್ಟಿಗೆ ಹಿಂದಕ್ಕೆ ಒತ್ತಿದರೆ ಎಲ್ಲರಿಗೂ ಮುಖಪುಟ ತೆರೆಯುತ್ತದೆ, ವಿಡಿಯೊದ ಹೊರೆ ಇಳಿದ ಕ್ಷಣವೇ ಮುಖಪುಟದ ಹೊರೆ ಏರುತ್ತದೆ. ಅಂಥ ಹೊತ್ತಿಗೆ ವೈಯಕ್ತಿಕ ಶಿಫಾರಸುಗಳನ್ನು ನಿಲ್ಲಿಸಿ ಎಲ್ಲರಿಗೂ ಒಂದೇ ಮುಖಪುಟ ತೋರಿಸುವಂತಿರಬೇಕು. ಯಾವುದನ್ನು ನಿಲ್ಲಿಸಬಹುದು ಎಂಬ ಪಟ್ಟಿ ಮೊದಲೇ ಬರೆದು, ಒಂದೊಂದಕ್ಕೂ ಸ್ವಿಚ್ ಇಟ್ಟಿರಬೇಕು.

ಎಸ್‌ಎಸ್‌ಎಲ್‌ಸಿ ಫಲಿತಾಂಶದಂಥದ್ದು ಇದಕ್ಕಿಂತ ಸುಲಭ. ಪ್ರಕಟವಾದ ಅಂಕ ಗಳಿಗೆಗೊಮ್ಮೆ ಬದಲಾಗುವುದಿಲ್ಲ. ಪ್ರತಿ ವಿದ್ಯಾರ್ಥಿಯ ಪುಟವನ್ನೂ ಹಿಂದಿನ ರಾತ್ರಿಯೇ ಸಿದ್ಧ ಕಡತವಾಗಿ ಮಾಡಿಟ್ಟರೆ ಡೇಟಾಬೇಸ್‌ಗೆ ಕೆಲಸವೇ ಇರುವುದಿಲ್ಲ.

ಡೇಟಾಬೇಸ್ ಒಂದೇ ಸಾಲದಾದಾಗ?

ಮೊದಲು ನಿಧಾನ ಕ್ವೆರಿಗಳ ಪಟ್ಟಿ ತೆಗೆದು ಇಂಡೆಕ್ಸ್ ಸರಿಪಡಿಸಿ. ಆಮೇಲೆ ದೊಡ್ಡ ಯಂತ್ರ. ಆಮೇಲೆ ಓದಲು ಪ್ರತಿಗಳು, ಅವು ಕ್ಷಣಕಾಲ ಹಿಂದುಳಿಯಬಹುದು ಎಂಬ ಅರಿವಿನೊಡನೆ. ಹಳೆಯ ವರ್ಷಗಳ ಸಾಲುಗಳನ್ನು ಬೇರೆಡೆಗೆ ಸರಿಸಿ. ದತ್ತಾಂಶವನ್ನು ಹಲವು ಡೇಟಾಬೇಸ್‌ಗಳಿಗೆ ಹಂಚುವ ಶಾರ್ಡಿಂಗ್ ಕೊನೆಯದು. ಬಹುಪಾಲು ವ್ಯವಸ್ಥೆಗಳು ಅಲ್ಲಿಗೆ ತಲುಪುವುದೇ ಇಲ್ಲ.

ಓಡುತ್ತಿರುವ ವ್ಯವಸ್ಥೆಯ ಟೇಬಲ್ ಬದಲಿಸುವುದು ಹೇಗೆ?

ಒಂದೇ ಏಟಿಗೆ ಬದಲಿಸಬಾರದು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಾಲಂಗಳಿಂದ ಪೂರ್ಣ ಹೆಸರಿಗೆ ಬರಬೇಕು ಎಂದುಕೊಳ್ಳಿ. ಹೊಸ ಕಾಲಂ ಅನ್ನು ಖಾಲಿಯಾಗಿ ಸೇರಿಸಿ. ಎರಡೂ ಕಡೆ ಬರೆಯುವ ಕೋಡ್ ಬಿಡುಗಡೆ ಮಾಡಿ. ಹಳೆಯ ಸಾಲುಗಳನ್ನು ಕೆಲವು ಸಾವಿರದಂತೆ ತುಂಬುತ್ತ ಹೋಗಿ. ಎರಡನ್ನೂ ತಾಳೆ ನೋಡಿ. ಓದುವುದನ್ನು ಹೊಸದಕ್ಕೆ ತಿರುಗಿಸಿ. ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ, ಕೆಲವು ವಾರ ಕಾದು, ಕಾಲಂ ತೆಗೆಯಿರಿ. ಪ್ರತಿ ಹಂತದಲ್ಲೂ ಹಳೆಯ ಕೋಡ್ ಮತ್ತು ಹೊಸ ಕೋಡ್ ಒಟ್ಟಿಗೆ ಓಡಬಲ್ಲವು ಎಂಬುದೇ ಇದರ ಜೀವಾಳ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಟೇಬಲ್ ಬದಲಿಸುವ ಆಜ್ಞೆಗೆ ಲಾಕ್ (ಟೇಬಲ್ ಮೇಲಿನ ಬೀಗ) ಸಿಗಲು ಕಾಯುವ ಸಮಯದ ಮಿತಿ ಹಾಕಬೇಕು. ಅದು ಲಾಕ್‌ಗಾಗಿ ಕಾಯುತ್ತ ನಿಂತರೆ ಅದರ ಹಿಂದೆ ಬರುವ ಸಾಮಾನ್ಯ ಕ್ವೆರಿಗಳೂ ನಿಂತುಬಿಡುತ್ತವೆ.

ಹಳೆಯ ಕೋಡ್ ಮತ್ತು ಹೊಸದು ಒಟ್ಟಿಗೆ ಓಡಬಾರದ ರೀತಿಯಲ್ಲಿ ಓಡಿದರೆ ಏನಾಗುತ್ತದೆ ಎಂಬುದಕ್ಕೆ 2012ರ ಆಗಸ್ಟ್ 1ರ ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್ ಪ್ರಕರಣವಿದೆ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಹಳೆಯ ಕೆಲಸಕ್ಕಿದ್ದ ಸಂಕೇತವನ್ನೇ ಹೊಸ ಕೆಲಸಕ್ಕೆ ಮರುಬಳಸಿದ್ದರಿಂದ, ಆ ಸರ್ವರ್‌ನಲ್ಲಿ ವರ್ಷಗಳಿಂದ ಸತ್ತಂತಿದ್ದ ಕೋಡ್ ಎದ್ದು ಷೇರು ವಹಿವಾಟು ನಡೆಸಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ.

ದಿನವೂ ಬ್ಯಾಕಪ್ ತೆಗೆಯುತ್ತೇವೆ. ಸಾಕೇ?

ಮರಳಿ ಸ್ಥಾಪಿಸಿ ನೋಡದ ಬ್ಯಾಕಪ್ ಅನ್ನು ನಂಬಬೇಡಿ. 2017ರ ಜನವರಿ 31ರಂದು, ಕೋಡ್ ಇಡುವ ಆನ್‌ಲೈನ್ ತಾಣವಾದ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ನಿತ್ಯದ ಬ್ಯಾಕಪ್, ತಂತ್ರಾಂಶದ ಆವೃತ್ತಿಗಳು ಹೊಂದದೆ, ಬಹಳ ದಿನಗಳಿಂದ ವಿಫಲವಾಗುತ್ತಿತ್ತು, ಆ ವೈಫಲ್ಯ ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರಾವುದೋ ಉದ್ದೇಶಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಏನಾಯಿತೆಂದು ಅವರು ಪೂರ್ತಿಯಾಗಿ ಬಹಿರಂಗ ಮಾಡಿದ್ದರಿಂದ ನಾವೆಲ್ಲ ಕಲಿತೆವು, ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಬ್ಯಾಕಪ್ ಸ್ಥಾಪಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಅನಾಹುತವಾದ ದಿನ ಜನರಿಗೆ ಹೇಳಬೇಕಾದ ಸಮಯ ಅದೇ.

ಕ್ಲೌಡ್‌ನಲ್ಲಿದ್ದರೆ ಸ್ಥಿರತೆ ಆ ಕ್ಲೌಡ್ ಕಂಪನಿಯವರ ಹೊಣೆಯಲ್ಲವೇ?

ಯಂತ್ರಗಳು ಅವರ ಹೊಣೆ, ನಿಮ್ಮ ಸೇವೆ ನಿಮ್ಮ ಹೊಣೆ. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಕಡತ ಸಂಗ್ರಹ ಸೇವೆ ಎಸ್3 ನಿಂತಾಗ ಅದರ ಸ್ಥಿತಿ ತಿಳಿಸುವ ಪುಟವನ್ನೇ ನವೀಕರಿಸಲಾಗಲಿಲ್ಲ, ಏಕೆಂದರೆ ಅದೂ ಎಸ್3 ಅನ್ನು ಅವಲಂಬಿಸಿತ್ತು. ನಿಮ್ಮ ಎಚ್ಚರಿಕೆ ಸಂದೇಶಗಳು ನೀವು ಕಾಯುತ್ತಿರುವ ವ್ಯವಸ್ಥೆಯ ಮೂಲಕವೇ ಬರುತ್ತವೆಯೇ ಎಂದು ಇವತ್ತೇ ನೋಡಿ.

ಹಳೆಯ ವ್ಯವಸ್ಥೆಯನ್ನು ಬಿಟ್ಟು ಹೊಸದಾಗಿ ಬರೆಯಬಹುದೇ?

ಪೂರ್ತಿಯಾಗಿ, ಒಂದೇ ಸಲಕ್ಕೆ ಬೇಡ. ಹಳೆಯ ಕೋಡ್‌ನಲ್ಲಿ ವಿಚಿತ್ರವಾಗಿ ಕಾಣುವ ಎಷ್ಟೋ ಷರತ್ತುಗಳು ಯಾವುದೋ ಗ್ರಾಹಕರ, ಯಾವುದೋ ನಿಯಮದ ನಿಜವಾದ ಅಗತ್ಯಕ್ಕೆ ಸೇರಿಸಿದವು. ಹಳೆಯ ವ್ಯವಸ್ಥೆಯ ಎದುರಿಗೆ ವಿನಂತಿಗಳನ್ನು ಹಂಚುವ ಒಂದು ಪದರ ಇಟ್ಟು, ಒಂದೊಂದೇ ಭಾಗವನ್ನು ಹೊಸದಕ್ಕೆ ತಿರುಗಿಸುತ್ತ ಹೋಗಿ. ವರದಿಗಳಂಥ ಓದುವ ಭಾಗದಿಂದ ಆರಂಭಿಸಿದರೆ ತಪ್ಪಿದರೂ ಹಾನಿ ಕಡಿಮೆ.

ಇಷ್ಟೆಲ್ಲ ನಿರ್ಧಾರಗಳನ್ನು ನೆನಪಿಡುವುದು ಹೇಗೆ?

ಕೋಡ್ ಇರುವ ಕಡೆಯಲ್ಲೇ ಒಂದು ಫೋಲ್ಡರ್ ಮಾಡಿ, ನಿರ್ಧಾರಕ್ಕೊಂದು ಪುಟ ಬರೆಯಿರಿ. ದಿನಾಂಕ, ಅಂದಿನ ಪರಿಸ್ಥಿತಿ, ಆರಿಸಿದ ದಾರಿ, ಕೈಬಿಟ್ಟ ದಾರಿಗಳು ಮತ್ತು ಕೈಬಿಟ್ಟ ಕಾರಣ. ಕೊನೆಯದೇ ಮುಖ್ಯ. ಐದು ವರ್ಷದ ನಂತರ ಬರುವ ಎಂಜಿನಿಯರಿಗೆ ಆರಿಸಿದ ದಾರಿ ಕೋಡ್‌ನಲ್ಲೇ ಕಾಣುತ್ತದೆ, ಕೈಬಿಟ್ಟದ್ದು ಬೇರೆಲ್ಲೂ ಸಿಗುವುದಿಲ್ಲ. ನಿರ್ಧಾರ ಬದಲಾದರೆ ಹಳೆಯ ಪುಟವನ್ನು ತಿದ್ದಬೇಡಿ. ಹೊಸ ಪುಟ ಬರೆದು, ಹಳೆಯದರ ತಲೆಯಲ್ಲಿ ಅದರ ಸಂಖ್ಯೆ ಹಾಕಿ.